ಒಂದು ಬ್ರೇಕ್, ಒಂಬತ್ತು ತಾಸು: 1990ರ ಎಟಿ ಅಂಡ್ ಟಿ ಕುಸಿತದ ಒಳಗೆ

1990ರ ಜನವರಿ 15, ಸೋಮವಾರ. ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಸರ್ಕಾರಿ ರಜೆ. ಮಧ್ಯಾಹ್ನ 2 ಗಂಟೆ 25 ನಿಮಿಷದ ಸುಮಾರಿಗೆ ನ್ಯೂಜೆರ್ಸಿಯ ಬೆಡ್‌ಮಿನ್‌ಸ್ಟರ್‌ನಲ್ಲಿದ್ದ ಎಟಿ ಅಂಡ್ ಟಿ ಎಂಬ ದೂರವಾಣಿ ಕಂಪನಿಯ ಜಾಲ ನಿರ್ವಹಣಾ ಕೇಂದ್ರದಲ್ಲಿ, ಗೋಡೆ ತುಂಬ ಜೋಡಿಸಿಟ್ಟಿದ್ದ ಪರದೆಗಳ ಮೇಲೆ ಕೆಂಪು ಗುರುತುಗಳು ಕಾಣಿಸತೊಡಗಿದವು. ಮೊದಲು ಒಂದೆರಡು, ಸ್ವಲ್ಪ ಹೊತ್ತಿಗೆ ದೇಶದ ಉದ್ದಗಲಕ್ಕೂ. ದೂರದ ಊರಿಗೆ ಫೋನ್ ಮಾಡಿದವರಿಗೆ 'ಎಲ್ಲ ಮಾರ್ಗಗಳೂ ಕಾರ್ಯನಿರತವಾಗಿವೆ' ಎಂಬ ಧ್ವನಿಮುದ್ರಿತ ಸಂದೇಶ ಕೇಳಿಸುತ್ತಿತ್ತು. ಜಾಲ ಹಳಿಗೆ ಬರುವ ಹೊತ್ತಿಗೆ ರಾತ್ರಿ 11.30 ಆಗಿತ್ತು. ಆ ಒಂಬತ್ತು ತಾಸುಗಳಲ್ಲಿ ಎಟಿ ಅಂಡ್ ಟಿ ಮೂಲಕ ಹೋಗಬೇಕಿದ್ದ ಕರೆಗಳಲ್ಲಿ ಅರ್ಧದಷ್ಟು ಸಂಪರ್ಕವೇ ಸಿಗದೆ ಬಿದ್ದುಹೋದವು. ಕೂಡದ ಕರೆಗಳಿಂದ ಕಂಪನಿಗೆ ಆದ ನಷ್ಟವೇ 6 ಕೋಟಿ ಡಾಲರಿಗೂ ಮೇಲು. ವಿಮಾನ, ಹೋಟೆಲ್, ಬಾಡಿಗೆ ಕಾರು ಎಂದು ಫೋನ್ ಬುಕಿಂಗನ್ನೇ ನಂಬಿಕೊಂಡಿದ್ದವರಿಗೆ ಆದದ್ದು ಇದರಲ್ಲಿ ಸೇರಿಲ್ಲ.

ಬೆಂಕಿ ಬಿದ್ದಿರಲಿಲ್ಲ, ಕೇಬಲ್ ತುಂಡಾಗಿರಲಿಲ್ಲ, ವಿದ್ಯುತ್ ಹೋಗಿರಲಿಲ್ಲ. ಕಾರಣ ಸಿ ಭಾಷೆಯಲ್ಲಿ ಬರೆದ ಕೋಡಿನ ಒಂದು ಬ್ರೇಕ್. ಲೂಪ್‌ನಿಂದ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಭಾಗ) ಅಥವಾ ಸ್ವಿಚ್‌ನಿಂದ (ಬಗೆಗೆ ತಕ್ಕ ಕೇಸ್ ಆರಿಸುವ ಭಾಗ) ಅರ್ಧದಲ್ಲೇ ಹೊರಬರಲು ನಾವೆಲ್ಲ ದಿನಬೆಳಗಾದರೆ ಬಳಸುವ ಆ ಐದಕ್ಷರದ ಪದವೇ. ಬ್ರೇಕ್ ಬಗ್ಗೆ ಪಾಠ ಮಾಡುವಾಗ ಸಾಮಾನ್ಯವಾಗಿ ಹೇಳುವುದು ಅದು ಯಾವಾಗ ನಡೆಯುತ್ತದೆ ಎಂಬುದನ್ನು. ಎಲ್ಲಿಗೆ ಹೋಗಿ ಬೀಳುತ್ತದೆ, ನಡುವೆ ಏನೇನು ಬಿಟ್ಟುಹೋಗುತ್ತದೆ ಎಂಬ ಪ್ರಶ್ನೆಗೆ ಅರ್ಧ ಸಾಲೂ ಸಿಗುವುದಿಲ್ಲ. ಈ ಪ್ರಕರಣವನ್ನು ನಾನು ಬಿಡಿಸಿ ನೋಡಲು ಹೊರಟಿರುವುದು ಆ ಪ್ರಶ್ನೆಗಾಗಿಯೇ.

ಜಾಲ ಹೇಗಿತ್ತು

ಆಗ ಎಟಿ ಅಂಡ್ ಟಿಯ ದೂರದ ಕರೆಗಳನ್ನು ಸಾಗಿಸುತ್ತಿದ್ದದ್ದು 4ಇಎಸ್‌ಎಸ್ ಎಂಬ ಹೆಸರಿನ ದೈತ್ಯ ಎಕ್ಸ್‌ಚೇಂಜ್‌ಗಳು. ಇವುಗಳಲ್ಲಿ ಮೊದಲನೆಯದು ಶಿಕಾಗೋದಲ್ಲಿ 1976ರಲ್ಲಿ ಕೆಲಸ ಶುರುಮಾಡಿತ್ತು. 1990ರ ಹೊತ್ತಿಗೆ ದೇಶದ ತುಂಬ 114 ಇದ್ದವು, ಒಂದೊಂದಕ್ಕೂ ಗಂಟೆಗೆ 7 ಲಕ್ಷ ಕರೆಗಳವರೆಗೆ ನಿಭಾಯಿಸುವ ತಾಕತ್ತು. (ಇವನ್ನು ಇಂಗ್ಲಿಷಿನಲ್ಲಿ ಸ್ವಿಚ್ ಎನ್ನುತ್ತಾರೆ. ಕೋಡಿನಲ್ಲೂ ಒಂದು ಸ್ವಿಚ್ ಬರುವುದರಿಂದ ಗೋಜಲು ಬೇಡವೆಂದು ಯಂತ್ರವನ್ನು ಎಕ್ಸ್‌ಚೇಂಜ್ ಎಂದೇ ಕರೆಯುತ್ತೇನೆ.)

ಮಾತು ಹೋಗುವ ದಾರಿಯೇ ಬೇರೆ, 'ಈ ಕರೆಯನ್ನು ಅಲ್ಲಿಗೆ ಕೂಡಿಸು' ಎಂಬ ಸೂಚನೆ ಹೋಗುವ ದಾರಿಯೇ ಬೇರೆ. ಹಿಂದೆ ಎರಡೂ ಒಂದೇ ತಂತಿಯಲ್ಲಿದ್ದಾಗ, ಸರಿಯಾದ ಸ್ವರದಲ್ಲಿ ಸೀಟಿ ಊದಿ ಪುಕ್ಕಟೆ ಕರೆ ಮಾಡುವ ಕಿಲಾಡಿಗಳಿದ್ದರು. ಸೂಚನೆಗಳಿಗೆ ಪ್ರತ್ಯೇಕ ಡೇಟಾ ಜಾಲ ಕಟ್ಟಿದ ಮೇಲೆ ಆ ಕಾಟ ತಪ್ಪಿತು, ಕರೆ ಕೂಡಿಸುವುದೂ ಚುರುಕಾಯಿತು. ಎಕ್ಸ್‌ಚೇಂಜ್‌ಗಳು ಪರಸ್ಪರ ಮಾತಾಡಿಕೊಳ್ಳುತ್ತಿದ್ದದ್ದು ಈ ಜಾಲದ ಮೂಲಕ. ಎಸ್‌ಎಸ್7 ಎಂದು ಟೆಲಿಕಾಂನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಸಿಗ್ನಲಿಂಗ್ ಪದ್ಧತಿ ಇದೇ.

ಪ್ರತಿ ಎಕ್ಸ್‌ಚೇಂಜೂ ತನ್ನ ಬಳಿ ಒಂದು ಸ್ಥಿತಿ ನಕ್ಷೆ ಇಟ್ಟುಕೊಂಡಿರುತ್ತಿತ್ತು: ನೆರೆಯವರಲ್ಲಿ ಯಾರು ಸೇವೆಯಲ್ಲಿದ್ದಾರೆ, ಯಾರು ಇಲ್ಲ. ತನ್ನೊಳಗೆ ಏನೋ ಸರಿಯಿಲ್ಲ ಎಂದು ಒಂದು ಎಕ್ಸ್‌ಚೇಂಜ್‌ಗೆ ಅನಿಸಿದರೆ, 'ನಾನು ಸೇವೆಯಲ್ಲಿಲ್ಲ, ಹೊಸ ಕರೆ ಕಳಿಸಬೇಡಿ' ಎಂದು ಎಲ್ಲರಿಗೂ ಸಾರಿ ತನ್ನನ್ನು ತಾನು ರೀಸೆಟ್ ಮಾಡಿಕೊಳ್ಳುತ್ತಿತ್ತು. ಇದಕ್ಕೆ ಹಿಡಿಯುತ್ತಿದ್ದದ್ದು ನಾಲ್ಕರಿಂದ ಆರು ಸೆಕೆಂಡು. ಹಳೆಯ ಸಾಫ್ಟ್‌ವೇರ್‌ನಲ್ಲಿ ರೀಸೆಟ್ ಮುಗಿದ ಮೇಲೆ 'ಮರಳಿ ಬಂದೆ' ಎಂದು ಬೇರೆಯಾಗಿ ಒಂದು ಸಂದೇಶ ಹೋಗುತ್ತಿತ್ತು. ನೆರೆಯವರು ನಕ್ಷೆ ತಿದ್ದಿಕೊಳ್ಳುತ್ತಿದ್ದರು, ಆಮೇಲೆ ಕರೆಗಳು ಶುರು.

1989ರ ಡಿಸೆಂಬರ್ ಮಧ್ಯದಲ್ಲಿ ಹಾಕಿದ ಹೊಸ ಸಾಫ್ಟ್‌ವೇರ್ ಈ ಪದ್ಧತಿಯನ್ನು ಕೊಂಚ ಚುರುಕುಗೊಳಿಸಿತು. 'ಮರಳಿ ಬಂದೆ' ಎಂದು ಹೇಳುವ ಅಗತ್ಯವೇ ಇಲ್ಲ. ಸೇವೆಯಲ್ಲಿಲ್ಲ ಎಂದು ಗುರುತು ಹಾಕಿಕೊಂಡವನಿಂದ ಹೊಸ ಕರೆಯ ಸಂದೇಶ ಬಂದರೆ ಅವನು ಎದ್ದಿದ್ದಾನೆ ಎಂದೇ ಅರ್ಥ. ನಕ್ಷೆ ತಿದ್ದಿಕೋ, ಕರೆಯನ್ನೂ ಮುಂದೆ ಸಾಗಿಸು. ವಿನ್ಯಾಸದಲ್ಲಿ ಯಾವ ಕುಂದೂ ಇಲ್ಲ. ನಾನಾದರೂ ರಿವ್ಯೂನಲ್ಲಿ ಒಪ್ಪಿಗೆ ಕೊಡುತ್ತಿದ್ದೆ.

ಕೋಡಿನ ಒಳಗೆ

ಆಮೇಲಿನ ತಾಂತ್ರಿಕ ವಿವರಣೆಗಳು ಕಟ್ಟಿಕೊಟ್ಟ ಚೌಕಟ್ಟನ್ನು ಹಿಡಿದು, ಆ ಭಾಗವನ್ನು ನಮ್ಮ ಮಾತಿನಲ್ಲಿ ಬರೆದರೆ ಹೀಗಿರುತ್ತದೆ. ಎಡಗಡೆಯ ಅಂಕಿಗಳನ್ನು ಮುಂದೆ ಬಳಸುತ್ತೇನೆ. ಬಫರ್ ಎಂದರೆ ಸಂದೇಶ ತಾತ್ಕಾಲಿಕವಾಗಿ ಕೂರುವ ಜಾಗ, ಪಾಯಿಂಟರ್ ಎಂದರೆ ಡೇಟಾ ಮೆಮೊರಿಯಲ್ಲಿ ಎಲ್ಲಿದೆ ಎಂದು ತೋರಿಸುವ ಗುರುತು.

```
 1  ವೈಲ್ (ಬಫರ್‌ನಲ್ಲಿ ಸಂದೇಶ ಇರುವ ತನಕ) {
 2      ಮುಂದಿನ ಸಂದೇಶವನ್ನು ತೆಗೆದುಕೊ;
 3      ಸ್ವಿಚ್ (ಸಂದೇಶದ ಬಗೆ) {
 4      ಕೇಸ್ ಹೊಸ_ಕರೆ:
 5          ಇಫ್ (ಕಳಿಸಿದವನು "ಸೇವೆಯಲ್ಲಿಲ್ಲ") {
 6              ಇಫ್ (ಬರೆಯುವ ಬಫರ್ ಖಾಲಿ)
 7                  ನಕ್ಷೆಗೆ "ಸೇವೆಯಲ್ಲಿದ್ದಾನೆ" ಎಂದು ಕಳಿಸು;
 8              ಎಲ್ಸ್
 9                  ಬ್ರೇಕ್;
10          }
11          ಸಂದೇಶ ಓದಿ, ಐಚ್ಛಿಕ ಭಾಗಗಳಿಗೆ ಪಾಯಿಂಟರ್ ಹೊಂದಿಸು;
12          ಬ್ರೇಕ್;
13      ಕೇಸ್ ಬೇರೆ_ಬಗೆ:
14          ...
15      }
16      ಐಚ್ಛಿಕ ಭಾಗಗಳ ಕೆಲಸ ಮಾಡು;
17  }
```

ನ್ಯೂಯಾರ್ಕಿನ ಎಕ್ಸ್‌ಚೇಂಜ್ ಈಗತಾನೇ ರೀಸೆಟ್ ಆಗಿ ಎದ್ದಿದೆ ಎಂದುಕೊಳ್ಳಿ. ನೆರೆಯ ಇನ್ನೊಂದಕ್ಕೆ ಅದರಿಂದ ಒಂದು ಹೊಸ ಕರೆ ಬರುತ್ತದೆ. 5ನೇ ಸಾಲು ಹೌದು ಎನ್ನುತ್ತದೆ, ನಕ್ಷೆಯಲ್ಲಿ ನ್ಯೂಯಾರ್ಕ್ ಇನ್ನೂ ಸೇವೆಯಲ್ಲಿಲ್ಲ. 6ನೇ ಸಾಲು ಬಫರ್ ಖಾಲಿ ಎನ್ನುತ್ತದೆ. 7ರಲ್ಲಿ ನಕ್ಷೆ ತಿದ್ದುವ ಸೂಚನೆ ಹೊರಡುತ್ತದೆ. 11ರಲ್ಲಿ ಪಾಯಿಂಟರ್‌ಗಳು ಈ ಸಂದೇಶದ ಕಡೆಗೆ ತಿರುಗುತ್ತವೆ, 12ರ ಬ್ರೇಕ್ ಸ್ವಿಚ್‌ನಿಂದ ಹೊರಗೆ ಕರೆತರುತ್ತದೆ, 16ರಲ್ಲಿ ಉಳಿದ ಕೆಲಸ ಸಲೀಸಾಗಿ ಮುಗಿಯುತ್ತದೆ. ಎಲ್ಲ ಸರಿ.

ಈಗ ಅದೇ ನ್ಯೂಯಾರ್ಕಿನಿಂದ ಎರಡನೆಯ ಕರೆ ಬರಲಿ, ಅದೂ ಸೆಕೆಂಡಿನ ನೂರನೇ ಒಂದು ಭಾಗದೊಳಗೆ. ನಕ್ಷೆ ತಿದ್ದುವ ಸೂಚನೆ ಹೊರಟಿದೆ, ಆದರೆ ಕೆಲಸ ಇನ್ನೂ ಮುಗಿದಿಲ್ಲ. ಹಾಗಾಗಿ 5ನೇ ಸಾಲು ಮತ್ತೆ ಹೌದು ಎನ್ನುತ್ತದೆ. 6ನೇ ಸಾಲು ಈ ಸಲ ಇಲ್ಲ ಎನ್ನುತ್ತದೆ, ಬಫರ್‌ನಲ್ಲಿ ಹಿಂದಿನ ಸೂಚನೆ ಇನ್ನೂ ಕೂತಿದೆ. ಎಲ್ಸ್‌ಗೆ ಬಂದೆವು, 9ನೇ ಸಾಲಿನ ಬ್ರೇಕ್ ಸಿಕ್ಕಿತು.

ಇಲ್ಲಿ ಬರೆದವರ ಉದ್ದೇಶ ಊಹಿಸಲು ಕಷ್ಟವಿಲ್ಲ. 'ತಿದ್ದುವ ಸೂಚನೆ ಆಗಲೇ ಹೋಗಿದೆ, ಇನ್ನೊಮ್ಮೆ ಕಳಿಸುವುದು ಬೇಡ, ಈ ಇಫ್‌ನಿಂದ ಆಚೆ ಬಾ' ಅಷ್ಟೆ. ಹಾಗೆ ಬಂದಿದ್ದರೆ 11ನೇ ಸಾಲಿಗೆ ಬರಬೇಕಿತ್ತು. ಆದರೆ ಸಿ ಭಾಷೆಯ ಬ್ರೇಕ್‌ನ ಲೆಕ್ಕದಲ್ಲಿ ಇಫ್ ಎಂಬ ಗೋಡೆಯೇ ಇಲ್ಲ. ಅದು ಹುಡುಕುವುದು ತನ್ನನ್ನು ಸುತ್ತುವರಿದ ತೀರಾ ಹತ್ತಿರದ ಲೂಪ್ ಅಥವಾ ಸ್ವಿಚ್ ಅನ್ನು. ಇಲ್ಲಿ ಅದು 3ನೇ ಸಾಲಿನ ಸ್ವಿಚ್. ಹೀಗಾಗಿ 11ನ್ನು ಹಾರಿ ನೇರವಾಗಿ 16ಕ್ಕೆ. ಅಲ್ಲಿನ ಕೆಲಸಕ್ಕೆ ಬೇಕಾದ ಪಾಯಿಂಟರ್‌ಗಳು ಈ ಸಂದೇಶಕ್ಕೆ ಹೊಂದಿಯೇ ಇಲ್ಲ. ಬರೆಯಬಾರದ ಜಾಗದಲ್ಲಿ ಬರವಣಿಗೆ ಆಯಿತು, ಅಲ್ಲಿದ್ದ ಡೇಟಾ ಅಳಿಸಿಹೋಯಿತು.

ಒಂದು ಅಂಶವನ್ನು ಇಲ್ಲಿ ಬಿಡಿಸಿ ಹೇಳಬೇಕು. ಸ್ವಿಚ್‌ನ ಹೊರಗೆ ಲೂಪ್ ಇದೆ, ಆದರೆ 9ನೇ ಸಾಲಿನ ಬ್ರೇಕ್ ಲೂಪ್‌ನಿಂದ ಹೊರಬರಲಿಲ್ಲ. ಲೂಪ್ ನಿಂತಿದ್ದರೆ ಬಹುಶಃ ಕರೆಗಳು ಅಲ್ಲೇ ಸಾಲುಗಟ್ಟಿ ಯಾರಾದರೂ ಬೇಗ ಗುರುತಿಸುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ: ಇಫ್‌ನಿಂದ ಬರಬೇಕಿದ್ದದ್ದು ಸ್ವಿಚ್‌ನಿಂದ ಬಂತು, ಲೂಪ್ ಒಳಗೇ ಉಳಿಯಿತು. ಒಂದು ಮೆಟ್ಟಿಲು ಹೆಚ್ಚು, ಅಷ್ಟೇ. ಲೂಪ್‌ನೊಳಗೆ ಸ್ವಿಚ್ ಇಟ್ಟು ಬರೆಯುವ ಪ್ರತಿಯೊಬ್ಬರಿಗೂ ಇದರ ತಿರುವುಮುರುವು ರೂಪ ಪರಿಚಿತ. 'ಕ್ವಿಟ್' ಎಂಬ ಕೇಸ್‌ನಲ್ಲಿ ಬ್ರೇಕ್ ಬರೆದು ಲೂಪ್ ನಿಲ್ಲುತ್ತದೆಂದು ಕಾಯುವುದು, ಅದು ಸ್ವಿಚ್‌ನಿಂದ ಮಾತ್ರ ಹೊರಬಂದು ಮತ್ತೆ ತಿರುಗುವುದು. ಒಂದರಲ್ಲಿ ಬಯಸಿದ್ದಕ್ಕಿಂತ ದೂರ ಹೋಗುತ್ತದೆ, ಇನ್ನೊಂದರಲ್ಲಿ ಬಯಸಿದಷ್ಟು ದೂರ ಹೋಗುವುದಿಲ್ಲ. ಮೂಲ ಒಂದೇ.

ಒಂದು ಬಿದ್ದರೆ ಊರೆಲ್ಲ

ಡೇಟಾ ಕೆಟ್ಟಿದೆ ಎಂದು ಎಕ್ಸ್‌ಚೇಂಜ್‌ನ ದೋಷ ಪತ್ತೆ ಸಾಫ್ಟ್‌ವೇರ್ ಕೂಡಲೇ ಕಂಡುಹಿಡಿಯಿತು. ಅದಕ್ಕೆ ಕಲಿಸಿದ್ದಂತೆ ಸಂಬಂಧಪಟ್ಟ ಪ್ರೊಸೆಸರನ್ನು ನಿಲ್ಲಿಸಿ ರೀಸೆಟ್‌ಗೆ ಹಾಕಿತು. ಬದಲಿ ಪ್ರೊಸೆಸರ್ ಕೆಲಸ ಕೈಗೆತ್ತಿಕೊಂಡಿತು. ಬದಲಿಯಲ್ಲೂ ಅದೇ ಸಾಫ್ಟ್‌ವೇರ್, ಅದೇ 9ನೇ ಸಾಲು. ಬೆನ್ನಿಗೆ ಬೆನ್ನಿಗೆ ಬಂದ ಇನ್ನೊಂದು ಜೋಡಿ ಸಂದೇಶ ಅದನ್ನೂ ಬೀಳಿಸಿತು. ಯಂತ್ರ ಕೆಟ್ಟರೆ ಇನ್ನೊಂದಿರಲಿ ಎಂದು ಎರಡೆರಡು ಇಟ್ಟರೆ ಹಾರ್ಡ್‌ವೇರ್ ದೋಷದಿಂದ ರಕ್ಷಣೆ ಸಿಗುತ್ತದೆ. ಎರಡರಲ್ಲೂ ಒಂದೇ ಬಗ್ ಇದ್ದರೆ ಸಿಗುವುದು ಎರಡು ಸಲ ಬೀಳುವ ಅವಕಾಶ.

ಈಗ ಈ ಎಕ್ಸ್‌ಚೇಂಜ್ 'ನಾನು ಸೇವೆಯಲ್ಲಿಲ್ಲ' ಎಂದು ಸಾರಿ, ನಾಲ್ಕಾರು ಸೆಕೆಂಡಿನಲ್ಲಿ ಎದ್ದು, ಕಾದುನಿಂತ ಕರೆಗಳನ್ನು ನೆರೆಯವರಿಗೆಲ್ಲ ಕಳಿಸಲು ಶುರುಮಾಡುತ್ತದೆ. ನೆರೆಯವರ ನಕ್ಷೆಯಲ್ಲಿ ಇದು ಸೇವೆಯಲ್ಲಿಲ್ಲ. ಎದ್ದಕೂಡಲೇ ಕಳಿಸುವ ಕರೆಗಳು ಒತ್ತೊತ್ತಾಗಿ ಹೋಗುವುದೂ ಸಹಜ. ಅಂದರೆ ಬಗ್ ಕೆರಳಲು ಬೇಕಾದ ಎರಡೂ ಷರತ್ತುಗಳನ್ನು ಚೇತರಿಕೆಯೇ ಒದಗಿಸಿಕೊಡುತ್ತದೆ. ನೆರೆಯವನು ಬೀಳುತ್ತಾನೆ, ಏಳುತ್ತಾನೆ, ಏಳುವ ಭರದಲ್ಲಿ ಮೊದಲಿನವನನ್ನೂ ಉಳಿದವರನ್ನೂ ಬೀಳಿಸುತ್ತಾನೆ. ಮೊದಲು ಎಡವಿದ ನ್ಯೂಯಾರ್ಕಿನ ಯಂತ್ರದಲ್ಲಿ ಆದದ್ದು ಮಾಮೂಲಿ ಸಣ್ಣ ತೊಂದರೆ. ಅಂಥದ್ದು ಆದಾಗ ಮಾಡಬೇಕಾದದ್ದನ್ನೇ ಅದು ಮಾಡಿತ್ತು.

ಜನರೂ ತಮ್ಮ ಕೈಲಾದಷ್ಟು ನೆರವಾದರು. ಲೈನ್ ಸಿಗದಿದ್ದರೆ ನಾವೇನು ಮಾಡುತ್ತೇವೆ? ಮತ್ತೆ ಒತ್ತುತ್ತೇವೆ. ಹಾಗೆ ಒತ್ತಿದ್ದಷ್ಟೂ ಸಂದೇಶಗಳ ದಟ್ಟಣೆ ಹೆಚ್ಚುತ್ತದೆ, ನೂರನೇ ಒಂದು ಸೆಕೆಂಡಿನೊಳಗೆ ಎರಡು ಬರುವ ಸಂಭವವೂ ಹೆಚ್ಚುತ್ತದೆ.

ಎಂಜಿನಿಯರುಗಳು ಮೊದಲು ಎಂದಿನ ರೀಸೆಟ್ ವಿಧಾನಗಳನ್ನೆಲ್ಲ ಹಚ್ಚಿ ನೋಡಿದರು, ಉಪಯೋಗವಾಗಲಿಲ್ಲ. ರೀಸೆಟ್ ಮಾಡುವುದೇ ರೋಗ ಹರಡುವ ದಾರಿಯಾಗಿದ್ದಾಗ ಆಗುವುದಾದರೂ ಹೇಗೆ? ಕೊನೆಗೆ ಕೆಲಸಕ್ಕೆ ಬಂದದ್ದು ಸಿಗ್ನಲಿಂಗ್ ಜಾಲದ ಮೇಲಿನ ಹೊರೆಯನ್ನೇ ತಗ್ಗಿಸಿದ್ದು. ಸಂದೇಶಗಳ ನಡುವೆ ಉಸಿರಾಡುವಷ್ಟು ಬಿಡುವು ಸಿಕ್ಕಿತು, 6ನೇ ಸಾಲು ಮತ್ತೆ ಖಾಲಿ ಬಫರ್ ಕಾಣತೊಡಗಿತು, ಎಕ್ಸ್‌ಚೇಂಜ್‌ಗಳು ಒಂದೊಂದಾಗಿ ನೆಲೆನಿಂತವು. 9ನೇ ಸಾಲು ಆಗಲೂ ಅಲ್ಲೇ ಇತ್ತು. ಅದಕ್ಕೆ ದಾರಿ ಸಿಗದಂತೆ ಮಾಡಿದರಷ್ಟೆ. ಆಮೇಲೆ ಹೊಸ ಸಾಫ್ಟ್‌ವೇರನ್ನು ತೆಗೆದು ಹಿಂದಿನ ಆವೃತ್ತಿ ಹಾಕಿದರು.

ಹ್ಯಾಕರ್‌ಗಳ ಕೈವಾಡ ಇರಬೇಕೆಂಬ ಗುಮಾನಿ ಆ ದಿನಗಳಲ್ಲಿ ಜೋರಾಗಿತ್ತು. ಅದೇ ವರ್ಷ ಅಮೆರಿಕದಲ್ಲಿ ಹ್ಯಾಕರ್‌ಗಳ ಮೇಲೆ ದೊಡ್ಡ ಪ್ರಮಾಣದ ದಾಳಿಗಳೂ ನಡೆದವು. ದೋಷ ತನ್ನದೇ ಸಾಫ್ಟ್‌ವೇರ್‌ನದು ಎಂದು ಕಂಪನಿ ಬಹಿರಂಗವಾಗಿ ಒಪ್ಪಿಕೊಂಡಿತು. ಎಂಸಿಐ, ಸ್ಪ್ರಿಂಟ್ ಎಂಬ ಪೈಪೋಟಿಗಾರರ ಎದುರು 'ನಮ್ಮದು ಕೈಕೊಡದ ಜಾಲ' ಎಂದೇ ಜಾಹೀರಾತು ಮಾಡುತ್ತಿದ್ದವರು ಫೆಬ್ರವರಿ 14ರ ಪ್ರೇಮಿಗಳ ದಿನದಂದು ಗ್ರಾಹಕರಿಗೆ ರಿಯಾಯಿತಿ ದರದಲ್ಲಿ ಕರೆ ಕೊಟ್ಟು ಸಮಾಧಾನ ಹೇಳಿದರು.

ಯಾರ ಕಣ್ಣಿಗೂ ಬೀಳದ್ದು ಹೇಗೆ

ಡಿಸೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ, ಹಬ್ಬದ ರಜೆಯ ದಟ್ಟಣೆಯನ್ನೂ ದಾಟಿ, ಈ ಕೋಡ್ ಓಡಿತ್ತು. ಟೆಸ್ಟಿಂಗ್ ಮಾಡಿರಲಿಲ್ಲ ಎಂದಲ್ಲ. ಬಗ್ ಮೈಮೇಲೆ ಬರಲು ಮೂರು ಸಂಗತಿಗಳು ಕೂಡಬೇಕು: ಕಳಿಸುವವನು ಆಗತಾನೇ ರೀಸೆಟ್‌ನಿಂದ ಎದ್ದಿರಬೇಕು, ಒಬ್ಬನೇ ನೆರೆಯವನಿಗೆ ಎರಡು ಕರೆ ಕಳಿಸಬೇಕು, ಎರಡರ ನಡುವೆ 10 ಮಿಲಿಸೆಕೆಂಡಿಗಿಂತ ಕಡಿಮೆ ಅಂತರ ಇರಬೇಕು. ಪ್ರಯೋಗಾಲಯದಲ್ಲಿ ಒಂದೊಂದೇ ಸಂದೇಶ ಕಳಿಸಿ ನೋಡಿದರೆ 8ನೇ ಸಾಲಿನ ಎಲ್ಸ್‌ಗೆ ಕಾಲಿಡುವ ಪ್ರಸಂಗವೇ ಬರುವುದಿಲ್ಲ.

ಹಾಗಾದರೆ ಓದುವವರಾದರೂ ಹಿಡಿಯಬಹುದಿತ್ತಲ್ಲ? ಮೇಲಿನ ಹದಿನೇಳು ಸಾಲಿನಲ್ಲಿ ನಿಮಗೆ ಸುಲಭವಾಗಿ ಸಿಕ್ಕಿತು, ಏಕೆಂದರೆ ನಾನು ಮೊದಲೇ ಹೇಳಿಬಿಟ್ಟಿದ್ದೆ. ನಿಜವಾದ ಕಡತದಲ್ಲಿ ಸ್ವಿಚ್ ಶುರುವಾಗುವ ಸಾಲು ಎರಡು ಪುಟ ಮೇಲಿರುತ್ತದೆ, ಮುಗಿಯುವ ಪುಷ್ಪಾವರಣ ನಾಲ್ಕು ಪುಟ ಕೆಳಗಿರುತ್ತದೆ. ಪರದೆಯಲ್ಲಿ ಕಾಣುವುದು ಇಫ್, ಅದರೊಳಗೊಂದು ಇಫ್, ಒಂದು ಬ್ರೇಕ್. ಇಂಡೆಂಟೇಶನ್ (ಸಾಲಿನ ಮುಂದೆ ಬಿಡುವ ಖಾಲಿ ಜಾಗ) ಕಣ್ಣನ್ನು ಹತ್ತಿರದ ಆವರಣದ ಕೊನೆಗೇ ಕರೆದೊಯ್ಯುತ್ತದೆ, ಅಂದರೆ 10ನೇ ಸಾಲಿಗೆ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಹೋಗುವುದು 16ಕ್ಕೆ. ಬ್ರೇಕ್ ಎಲ್ಲಿಗೆ ಹೋಗುತ್ತದೆಂಬುದು ಅದು ಕೂತ ಸಾಲಿನಲ್ಲಿ ಬರೆದಿಲ್ಲ, ಸುತ್ತಲಿನ ಕೋಡಿನಲ್ಲಿ ಅಡಗಿದೆ. ಇನ್ನೂ ಕೆಟ್ಟದ್ದೆಂದರೆ, ಸುತ್ತಲಿನ ಕೋಡ್ ಬದಲಾದರೆ ಬ್ರೇಕ್‌ನ ಗುರಿಯೂ ಸದ್ದಿಲ್ಲದೆ ಬದಲಾಗುತ್ತದೆ. ಲೂಪ್‌ನೊಳಗೆ ಇಫ್-ಎಲ್ಸ್ ಸರಣಿ ಇತ್ತು, ಉದ್ದವಾಯಿತೆಂದು ಯಾರೋ ಸ್ವಿಚ್ ಮಾಡಿದರು ಎನ್ನಿ. ಒಳಗಿದ್ದ ಬ್ರೇಕ್‌ನ ಒಂದಕ್ಷರ ಮುಟ್ಟದೆಯೂ ಅದರ ಅರ್ಥ ಬೇರೆಯಾಗಿರುತ್ತದೆ.

ಕಂಪೈಲರ್‌ಗಳ ಎಚ್ಚರಿಕೆಯೂ ಇಲ್ಲಿ ನೆರವಿಗೆ ಬರುವುದಿಲ್ಲ. ಕೇಸ್‌ನ ಕೊನೆಯಲ್ಲಿ ಬ್ರೇಕ್ ಮರೆತರೆ ಗೊಣಗುವ ಸೌಲಭ್ಯ ಜಿಸಿಸಿ ಎಂಬ ಸಿ ಕಂಪೈಲರ್‌ಗೆ 2017ರ ಏಳನೇ ಆವೃತ್ತಿಯಲ್ಲಿ ಬಂತು. ಇರಬಾರದ ಕಡೆ ಬ್ರೇಕ್ ಇದ್ದರೆ? ವ್ಯಾಕರಣದ ಪ್ರಕಾರ ಅದು ನೂರಕ್ಕೆ ನೂರು ಸರಿ.

ತಪ್ಪು ಯಾರದು: ಬ್ರೇಕ್‌ನದೋ, ಭಾಷೆಯದೋ

ಇದನ್ನು ಓದಿದ ಕೂಡಲೇ 'ನಮ್ಮ ಮೇಷ್ಟ್ರು ಹೇಳಿದ್ದು ಸರಿ, ಬ್ರೇಕನ್ನೇ ಬಳಸಬಾರದು' ಎನ್ನುವವರು ಇರುತ್ತಾರೆ. ಆ ವಾದಕ್ಕೆ ದೊಡ್ಡ ಮನೆತನವಿದೆ. ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1968ರಲ್ಲಿ ಗೋಟು (ಕೋಡಿನಲ್ಲಿ ಬೇರೆ ಸಾಲಿಗೆ ನೇರ ನೆಗೆಸುವ ಆದೇಶ) ವಿರುದ್ಧ ಬರೆದ ಪತ್ರ ಜಗತ್ಪ್ರಸಿದ್ಧ. ಅದಕ್ಕೂ ಎರಡು ವರ್ಷ ಮೊದಲು ಬೋಮ್ ಮತ್ತು ಯಾಕೋಪಿನಿ ಎಂಬ ಇಬ್ಬರು ಅನುಕ್ರಮ, ಆಯ್ಕೆ, ಪುನರಾವರ್ತನೆ ಈ ಮೂರರಿಂದಲೇ ಯಾವ ಪ್ರೋಗ್ರಾಂ ಬೇಕಾದರೂ ಕಟ್ಟಬಹುದೆಂದು ತೋರಿಸಿದ್ದರು. ನಿಕ್ಲಾಸ್ ವಿರ್ತ್ ಅವರ ಪ್ಯಾಸ್ಕಲ್ ಭಾಷೆಯ ಮೂಲ ರೂಪದಲ್ಲಿ ಬ್ರೇಕೇ ಇರಲಿಲ್ಲ. ಕಾರುಗಳ ಸಾಫ್ಟ್‌ವೇರ್‌ಗೆಂದು ಹುಟ್ಟಿದ ಮಿಸ್ರಾ ಸಿ ನಿಯಮಾವಳಿ 1998ರಲ್ಲಿ ಸ್ವಿಚ್‌ನ ಕೇಸ್ ಮುಗಿಸಲು ಬಿಟ್ಟು ಬೇರೆಲ್ಲೂ ಬ್ರೇಕ್ ಕೂಡದು ಎಂದಿತ್ತು. 2004ರಲ್ಲಿ ಲೂಪ್‌ಗೊಂದು ಬ್ರೇಕ್ ಇರಲಿ ಎಂದು ಸಡಿಲಿಸಿತು.

ಆದರೆ ಎದುರು ಪುರಾವೆಯೂ ಗಟ್ಟಿಯಾಗಿದೆ. 1974ರಲ್ಲಿ ಎಸ್. ರಾವ್ ಕೊಸರಾಜು ಅವರು, ಹಲವು ಹಂತಗಳಿಂದ ಒಟ್ಟಿಗೆ ಹೊರಬರುವ ಸೌಲಭ್ಯ ಇಲ್ಲದಿದ್ದರೆ ಕೆಲವು ಪ್ರೋಗ್ರಾಂಗಳನ್ನು ಹೊಸ ವೇರಿಯಬಲ್ ಸೇರಿಸದೆ ಬರೆಯಲು ಆಗುವುದೇ ಇಲ್ಲ ಎಂದು ಗಣಿತದಿಂದ ಸಾಧಿಸಿದರು. ಆ ಹೊಸ ವೇರಿಯಬಲ್ಲೇ ನಮಗೆಲ್ಲ ಗೊತ್ತಿರುವ 'ಮುಗಿಯಿತು', 'ಸಿಕ್ಕಿತು' ಎಂಬ ಫ್ಲ್ಯಾಗ್‌ಗಳು. 1983ರಲ್ಲಿ ಸೊಲೊವೆ, ಬೊನಾರ್, ಎರ್ಲಿಕ್ ಎಂಬ ಸಂಶೋಧಕರು ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ನಡುವಿನಿಂದ ಹೊರಬರಲು ಅವಕಾಶ ಇರುವ ಲೂಪ್ ಕೊಟ್ಟಾಗ ಸರಿಯಾದ ಪ್ರೋಗ್ರಾಂ ಬರೆದವರೇ ಹೆಚ್ಚು ಎಂದು ಕಂಡುಬಂತು. ಮನುಷ್ಯರು ಹುಡುಕುವುದೇ ಹಾಗೆ: ಒಂದೊಂದಾಗಿ ನೋಡು, ಸಿಕ್ಕಿದರೆ ನಿಲ್ಲಿಸು. ಬೇಕಾದ ಹೆಸರು ಮೂರನೇ ಸಾಲಿನಲ್ಲಿ ಸಿಕ್ಕ ಮೇಲೆ ಪಟ್ಟಿಯ ಕೊನೆಯ ತನಕ ಓದುವ ಲೂಪ್ ಶಿಸ್ತಿನದೆಂದು ನನಗೆ ಯಾವತ್ತೂ ಅನಿಸಿಲ್ಲ.

ಎಟಿ ಅಂಡ್ ಟಿ ಕೋಡಿನ ತೊಂದರೆ ಬೇಗ ಹೊರಬಂದದ್ದು ಅಲ್ಲ. ಹೊರಬರುವ ದಾರಿಯಲ್ಲಿ ಮಾಡಿಯೇ ತೀರಬೇಕಾದ ಕೆಲಸ ಒಂದಿತ್ತು, 11ನೇ ಸಾಲಿನದು. ಅದನ್ನು ನಂಬಿಕೊಂಡ 16ನೇ ಸಾಲು ಸ್ವಿಚ್‌ನ ಹೊರಗಿತ್ತು. ಯಾವ ಕೇಸ್‌ನಿಂದ ಬಂದರೂ ಪಾಯಿಂಟರ್ ಹೊಂದಿರುತ್ತದೆ ಎಂಬ ಕರಾರು ಯಾರ ತಲೆಯಲ್ಲೋ ಇತ್ತು, ಕೋಡಿನಲ್ಲಿ ಇರಲಿಲ್ಲ. ಬ್ರೇಕ್ ಮುರಿದದ್ದು ಆ ಕರಾರನ್ನು. ಲೂಪ್‌ನಿಂದ ಬೇಗ ಬರುವ ಯಾವುದೇ ಕೋಡ್ ನೋಡುವಾಗ ನಾನು ಬ್ರೇಕ್‌ನ ಷರತ್ತಿಗಿಂತ ಮೊದಲು ನೋಡುವುದು ಇದನ್ನೇ: ಬ್ರೇಕ್‌ಗೂ ಅದು ಹೋಗಿ ಬೀಳುವ ಸಾಲಿಗೂ ನಡುವೆ ಏನಿದೆ, ಬಿದ್ದ ಜಾಗದಲ್ಲಿರುವವರು ಅದನ್ನು ನಂಬಿಕೊಂಡಿದ್ದಾರೆಯೇ? ತೆರೆದ ಫೈಲ್, ಹಿಡಿದ ಲಾಕ್, ಹೆಚ್ಚಿಸಬೇಕಿದ್ದ ಕೌಂಟರ್, ಹೊಂದಿಸಬೇಕಿದ್ದ ಪಾಯಿಂಟರ್ ಎಲ್ಲವೂ ಆ ನಡುವಿನ ಜಾಗದಲ್ಲೇ ಕಳೆದುಹೋಗುವುದು.

ಸರಿಪಡಿಸುವುದಾದರೂ ಎಷ್ಟು ಸುಲಭ ನೋಡಿ. 5ರಿಂದ 11ರವರೆಗಿನ ಸಾಲುಗಳ ಬದಲು:

```
ಇಫ್ (ಕಳಿಸಿದವನು "ಸೇವೆಯಲ್ಲಿಲ್ಲ" ಮತ್ತು ಬರೆಯುವ ಬಫರ್ ಖಾಲಿ)
    ನಕ್ಷೆಗೆ "ಸೇವೆಯಲ್ಲಿದ್ದಾನೆ" ಎಂದು ಕಳಿಸು;
ಸಂದೇಶ ಓದಿ, ಐಚ್ಛಿಕ ಭಾಗಗಳಿಗೆ ಪಾಯಿಂಟರ್ ಹೊಂದಿಸು;
```

ಎಲ್ಸ್‌ಗೆ ಕೆಲಸವೇ ಇಲ್ಲ, ಬ್ರೇಕ್‌ಗೂ ಇಲ್ಲ. 'ಏನೂ ಮಾಡಬೇಡ' ಎನ್ನಲು ಏನೂ ಬರೆಯದಿದ್ದರೆ ಸಾಕಿತ್ತು. ನಿಜಕ್ಕೂ ಬೇಗ ಹೊರಬರುವ ಅಗತ್ಯ ಇದ್ದಿದ್ದರೆ, ನಕ್ಷೆ ತಿದ್ದುವ ಭಾಗವನ್ನು ಪುಟ್ಟ ಫಂಕ್ಷನ್ ಮಾಡಿ ಅದರೊಳಗೆ ರಿಟರ್ನ್ ಬಳಸಬಹುದಿತ್ತು. ರಿಟರ್ನ್ ಎಲ್ಲಿಗೆ ಹೋಗುತ್ತದೆಂದು ಯಾರಿಗೂ ಗೊಂದಲವಿಲ್ಲ, ಕರೆದವರ ಬಳಿಗೆ. ಸುತ್ತ ಎಷ್ಟು ಸ್ವಿಚ್, ಎಷ್ಟು ಲೂಪ್ ಬಂದರೂ ಅದರ ಗುರಿ ಅಲುಗುವುದಿಲ್ಲ.

ಭಾಷೆಯ ಪಾಲನ್ನೂ ಹೇಳಬೇಕು. ಸಿ ಭಾಷೆಯ ಹಿರಿಯ ಬಿಸಿಪಿಎಲ್‌ನಲ್ಲಿ ಲೂಪ್‌ನಿಂದ ಹೊರಬರಲು ಬ್ರೇಕ್, ಸ್ವಿಚ್‌ನಿಂದ ಹೊರಬರಲು ಎಂಡ್‌ಕೇಸ್ ಎಂಬ ಬೇರೆಯೇ ಪದ ಇತ್ತು. ಸಿ ಎರಡಕ್ಕೂ ಒಂದನ್ನೇ ಇಟ್ಟಿತು. ಎರಡು ಪದ ಇದ್ದಿದ್ದರೆ 9ನೇ ಸಾಲಿನಲ್ಲಿ ಎಂಡ್‌ಕೇಸ್ ಎಂದು ಬೆರಳಚ್ಚು ಮಾಡುವಾಗಲೇ ಕೈ ತಡೆಯುತ್ತಿತ್ತೇನೋ. ಆಮೇಲಿನ ಭಾಷೆಗಳು ಬೇರೆ ಬೇರೆ ದಾರಿ ಹಿಡಿದವು. ಅಡಾದಲ್ಲಿ ಎಕ್ಸಿಟ್ ಲೂಪ್‌ಗೆ ಮಾತ್ರ ಅನ್ವಯಿಸುತ್ತದೆ, ಲೂಪ್‌ಗೊಂದು ಹೆಸರಿಟ್ಟು ಆ ಹೆಸರು ಹಿಡಿದೇ ಹೊರಬರಬಹುದು. ಜಾವಾ, ರಸ್ಟ್, ಸ್ವಿಫ್ಟ್‌ಗಳಲ್ಲೂ ಹೆಸರಿಟ್ಟ ಬ್ರೇಕ್ ಇದೆ. ರಸ್ಟ್‌ನಲ್ಲಿ ಸ್ವಿಚ್‌ನ ಜಾಗದಲ್ಲಿರುವ ಮ್ಯಾಚ್‌ನೊಳಗೆ ಬರೆದ ಬ್ರೇಕ್ ಮ್ಯಾಚನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನೇರ ಲೂಪ್‌ಗೆ ಹೋಗುತ್ತದೆ. ಪೈಥಾನ್‌ಗೂ ಹೆಸರಿಟ್ಟ ಬ್ರೇಕ್ ಬೇಕೆಂದು 2007ರಲ್ಲಿ ಪ್ರಸ್ತಾವ ಬಂದಿತ್ತು. ಅಂಥ ಕೋಡ್ ತೀರಾ ಅಪರೂಪ, ಸಾಮಾನ್ಯವಾಗಿ ಫಂಕ್ಷನ್ ಮಾಡಿ ರಿಟರ್ನ್ ಬಳಸುವುದೇ ಚೊಕ್ಕ ಎಂದು ಪೈಥಾನ್ ಸೃಷ್ಟಿಸಿದ ಗೀಡೊ ವಾನ್ ರೋಸಮ್ ತಳ್ಳಿಹಾಕಿದರು. ನನಗೆ ಆ ನಿರ್ಧಾರ ಅರ್ಧ ಹಿಡಿಸುತ್ತದೆ. ಫಂಕ್ಷನ್ ಚೊಕ್ಕ, ನಿಜ. ಆದರೆ ಹೆಸರಿಟ್ಟ ಬ್ರೇಕ್‌ನ ಲಾಭ ಎರಡು ಲೂಪ್ ದಾಟುವುದಷ್ಟೇ ಅಲ್ಲ. ಒಂದೇ ಲೂಪ್ ಇದ್ದಾಗಲೂ ಅದು ಹೋಗುವ ಜಾಗವನ್ನು ಅದೇ ಸಾಲಿನಲ್ಲಿ ಹೇಳಿಬಿಡುತ್ತದೆ.

ಗೋ ಭಾಷೆಯದು ಇನ್ನೊಂದು ಕಥೆ. ಸಿ ಪರಂಪರೆಯ ಎಷ್ಟೋ ಬಲೆಗಳನ್ನು ಅದು ಕಿತ್ತುಹಾಕಿತು. ಕೇಸ್ ಮುಗಿದಲ್ಲಿ ತಾನಾಗಿಯೇ ಹೊರಬರುತ್ತದೆ, ಬ್ರೇಕ್ ಬರೆಯುವ ಅಗತ್ಯವೇ ಇಲ್ಲ. ಆದರೂ ಸ್ವಿಚ್ ಮತ್ತು ಸೆಲೆಕ್ಟ್‌ನೊಳಗೆ (ಹಲವು ಚಾನೆಲ್‌ಗಳಲ್ಲಿ, ಅಂದರೆ ಸಂದೇಶದ ಕೊಳವೆಗಳಲ್ಲಿ, ಸಿದ್ಧವಿರುವುದನ್ನು ಆರಿಸುವ ಭಾಗ) ಬ್ರೇಕ್ ಬರೆದರೆ ಅದು ಹತ್ತಿರದ ಸ್ವಿಚ್ ಅಥವಾ ಸೆಲೆಕ್ಟ್‌ನಿಂದಲೇ ಹೊರಬರುತ್ತದೆ, ಹೊರಗಿನ ಫಾರ್ ಲೂಪ್‌ನಿಂದ ಅಲ್ಲ. ಚಾನೆಲ್‌ಗಳಿಂದ ಸಂದೇಶ ಓದುತ್ತ ಕೂರುವ ಸರ್ವರ್ ಕೋಡೆಲ್ಲ ಫಾರ್‌ನೊಳಗೆ ಸೆಲೆಕ್ಟ್ ಎಂಬ ರೂಪದಲ್ಲೇ ಇರುತ್ತದೆ, ಅಂದರೆ 1990ರ ಆ ವೈಲ್‌ನೊಳಗಿನ ಸ್ವಿಚ್‌ನ ನೇರ ವಂಶಸ್ಥ. 'ನಿಲ್ಲಿಸು' ಎಂಬ ಸಂದೇಶ ಬಂದಾಗ ಬ್ರೇಕ್ ಬರೆದು ಗೋರೂಟೀನ್ (ಗೋದಲ್ಲಿ ಜೊತೆಜೊತೆಗೆ ಓಡುವ ಕೆಲಸ) ಸತ್ತಿತೆಂದು ನಂಬಿದರೆ ಅದು ಹಿನ್ನೆಲೆಯಲ್ಲಿ ತಿರುಗುತ್ತಲೇ ಇರುತ್ತದೆ. ಈ ಎಡವಟ್ಟು ಎಷ್ಟು ಸಾಮಾನ್ಯವೆಂದರೆ ಸ್ಟ್ಯಾಟಿಕ್‌ಚೆಕ್ ಎಂಬ ಪರಿಶೀಲಕದಲ್ಲಿ ಇದಕ್ಕಾಗಿಯೇ ಎಸ್ಎ4011 ಎಂಬ ನಿಯಮ ಇದೆ. ಬ್ರೇಕ್‌ನಿಂದ ಯಾವ ಪರಿಣಾಮವೂ ಇಲ್ಲದಿದ್ದರೆ ಅದು 'ಹೊರಗಿನ ಲೂಪ್‌ನಿಂದ ಬರಬೇಕೆಂದಿದ್ದಿರಾ?' ಎಂದು ಕೇಳುತ್ತದೆ.

ಆ ನಿಯಮಕ್ಕೆ ನಮ್ಮ ಹದಿನೇಳು ಸಾಲುಗಳನ್ನು ಗೋ ಭಾಷೆಗೆ ತಿರುಗಿಸಿ ಕೊಟ್ಟರೆ ಅದು 12ನೇ ಸಾಲಿನ ನಿರುಪದ್ರವಿ ಬ್ರೇಕ್ ಬಗ್ಗೆ ಪ್ರಶ್ನೆ ಎತ್ತೀತು. 9ನೇ ಸಾಲಿನದ್ದಕ್ಕೆ ಪರಿಣಾಮ ಇದೆ, 11ನ್ನು ಹಾರಿಸುತ್ತದಲ್ಲ. ಹಾಗಾಗಿ ಅದನ್ನು ಸುಮ್ಮನೆ ಬಿಟ್ಟುಬಿಡುತ್ತದೆ.